ಸರ್ವೆ ನಂಬರಿನಲ್ಲಿ ಅಜ್ಜ, ಚೊಂಬಿನ ಕಂಠದಲ್ಲಿ ಅಜ್ಜಿ

ಮನೆತನದ ಚರಿತ್ರೆ ಹುಡುಕಲು ಹೊರಟವರು ಮುತ್ತಜ್ಜನ ಹೆಸರು ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಅಲ್ಲಿ ಬರೀ ಹೆಸರಿನಿಂದ ಕೆಲಸ ಆಗುವುದಿಲ್ಲ. ಕಂದಾಯದ ದಾಖಲೆಗಳನ್ನು ಜೋಡಿಸಿರುವುದೇ ಊರು ಮತ್ತು ಸರ್ವೆ ನಂಬರಿನ ಪ್ರಕಾರ. ಹಾಗಾಗಿ ಹಳೆ ಮೈಸೂರು ಕಡೆಯ ಮನೆತನವಾದರೆ ನಾನು ಶುರು ಮಾಡುವುದು ಈಗಿನ ಪಹಣಿಯಿಂದ, ಅಂದರೆ ಜಮೀನಿನ ಆರ್.ಟಿ.ಸಿ.ಯಿಂದ. ಜಮೀನು ಕೈಬಿಟ್ಟುಹೋಗಿದ್ದರೂ ನಂಬರು ಊರಿನಲ್ಲೇ ಇರುತ್ತದೆ, ಪಕ್ಕದ ಹೊಲದವರನ್ನು ಕೇಳಿದರೆ ಹೇಳುತ್ತಾರೆ.

ಪಹಣಿಯ 9ನೇ ಕಾಲಂನಲ್ಲಿ ಕಬ್ಜಾದಾರರ (ಜಮೀನು ಹೊಂದಿರುವವರ) ಹೆಸರು, 10ರಲ್ಲಿ ಜಮೀನು ಅವರಿಗೆ ಬಂದ ರೀತಿ ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಖಾತೆ ಬದಲಾವಣೆಯ ಪುಸ್ತಕ) ನಂಬರು. ಕ್ರಯದ ಎಂ.ಆರ್. ನಮಗೆ ಅಷ್ಟು ಉಪಯೋಗವಿಲ್ಲ. ಬೇಕಾದದ್ದು ‘ಪೌತಿ’ (ಖಾತೆದಾರ ತೀರಿಕೊಂಡು ಬದಲಾದದ್ದು) ಮತ್ತು ‘ವಿಭಾಗ’ (ಪಾಲಾಗಿ ಬದಲಾದದ್ದು). ಪೌತಿ ಖಾತೆಯ ನಮೂದಿನಲ್ಲಿ ತೀರಿಕೊಂಡವರು ಯಾರು, ವಾರಸುದಾರರು ಯಾರ್‍ಯಾರು, ಏನು ಸಂಬಂಧ ಎಂಬುದು ಬರುತ್ತದೆ. ಒಂದು ಎಂ.ಆರ್.ನಿಂದ ಹಿಂದಿನ ಕೈಬರಹದ ಪಹಣಿಗೆ, ಅಲ್ಲಿಂದ ಅದರ ಹಿಂದಿನ ಎಂ.ಆರ್.ಗೆ, ಕೊನೆಗೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್‌ಗೆ (ಜಮೀನು ಮತ್ತು ಅದರ ಹಕ್ಕಿನ ಹಳೆಯ ಪುಸ್ತಕಗಳು; ಕಚೇರಿಯಲ್ಲಿ ಐ.ಎಲ್., ಆರ್.ಆರ್. ಎಂದರೆ ಸಾಕು) ಹಿಂದೆ ಹಿಂದೆ ಹೋಗಬೇಕು. 45 ಎಂದಿದ್ದ ನಂಬರು ಯಾವಾಗಲೋ 45/1, 45/2 ಆಗಿದ್ದರೆ ಅಣ್ಣತಮ್ಮಂದಿರು ಬೇರೆಯಾಗಿರುವ ಸಾಧ್ಯತೆ ಹೆಚ್ಚು. ಆ ವರ್ಷದ ಪಾಲುಪಟ್ಟಿ ಹುಡುಕಬೇಕು.

ರೆಕಾರ್ಡ್ ರೂಮಿನ ಅರ್ಜಿಯಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನು ಸ್ಪಷ್ಟವಾಗಿ ಬರೆದು ದೃಢೀಕೃತ ನಕಲು ಕೇಳಿ. ‘ನಮ್ಮ ಹಳೆ ದಾಖಲೆಗಳೆಲ್ಲ ಬೇಕು’ ಎಂದು ಬರೆದ ಅರ್ಜಿ ಅಲ್ಲೇ ಕೂರುತ್ತದೆ. ಕಡತ ಇಲ್ಲ ಎಂದರೆ ಬಾಯಿಮಾತಿಗೆ ಬಿಡದೆ ಹಿಂಬರಹ (ಲಿಖಿತ ಉತ್ತರ) ಪಡೆಯಿರಿ. ಸ್ವಂತ ಜಮೀನಿಲ್ಲದೆ ಗೇಣಿಗೆ ಉಳುತ್ತಿದ್ದ ಮನೆತನವಾದರೆ 1974ರ ಭೂಸುಧಾರಣೆಯ ನಂತರ ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿಯ, ಅಂದರೆ ಫಾರಂ 7ರ, ಕಡತ ನೋಡಬೇಕು. ಯಾರು ಎಂದಿನಿಂದ ಉಳುತ್ತಿದ್ದರು ಎಂಬ ಹೇಳಿಕೆಗಳು ಅದರಲ್ಲಿ ಸಿಗುತ್ತವೆ.

ಜನ ಎಡವುವುದು ಹೆಸರಿನಲ್ಲಿ. ತಾತನ ಹೆಸರು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ‘ರಂಗಪ್ಪ ಬಿನ್ ತಿಮ್ಮಪ್ಪ’, ‘ತಿಮ್ಮಪ್ಪ ಬಿನ್ ರಂಗಪ್ಪ’ (ಬಿನ್ ಎಂದರೆ ಇಂಥವರ ಮಗ) ಎಂದು ಸಾಲುಸಾಲಾಗಿ ಬರುತ್ತವೆ. ವರ್ಷ ಮತ್ತು ಎಂ.ಆರ್. ನಂಬರು ಜತೆಗೆ ಬರೆದುಕೊಳ್ಳದಿದ್ದರೆ ಎರಡು ತಲೆಮಾರು ಒಂದಾಗಿಬಿಡುತ್ತದೆ. ಶಾಲೆಯ ದಾಖಲಾತಿ ಪುಸ್ತಕದಿಂದ ತಂದೆಯ ಹೆಸರು, ಊರು ತೆಗೆದುಕೊಳ್ಳಬಹುದು, ಜನ್ಮದಿನಾಂಕವನ್ನು ಮಾತ್ರ ಪರೀಕ್ಷಿಸದೆ ನಂಬಬೇಡಿ. ಜೂನ್ 1 ಎಂದು ಕಂಡರಂತೂ ಅದು ಮೇಷ್ಟ್ರು ವಯಸ್ಸು ಹೊಂದಿಸಲು ಬರೆದದ್ದಿರಬಹುದು.

ಇಷ್ಟೆಲ್ಲ ಮಾಡಿದರೂ ಸಿಗುವುದು ಬಹುಪಾಲು ಗಂಡಸರೇ. ಹೆಂಗಸರು ಈ ಪುಸ್ತಕಗಳಲ್ಲಿ ಕಾಣುವುದು ವಿಧವೆಯಾಗಿ, ‘ಕೋಂ’ (ಇಂಥವರ ಹೆಂಡತಿ) ಎಂಬುದರ ಜತೆ, ಇಲ್ಲವೇ ಮೈನರ್ ಮಗನ ಗಾರ್ಡಿಯನ್ ಆಗಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಒಂದು ಒಳ್ಳೆಯ ಆಕರ ಹುಟ್ಟಿತು: ಹಕ್ಕು ಬಿಡುಗಡೆ ಪತ್ರ. ಅಣ್ಣತಮ್ಮಂದಿರಿಗೆ ಪಾಲು ಬಿಟ್ಟುಕೊಡುವ ಅಕ್ಕತಂಗಿಯರ ಹೆಸರು, ಗಂಡನ ಹೆಸರು, ವಾಸದ ಊರು ಅದರಲ್ಲಿರುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದೇ ಸರ್ವೆ ನಂಬರಿಗೆ ಋಣಭಾರ ಪತ್ರ (ಇ.ಸಿ.) ತೆಗೆಸಿದರೆ ನೋಂದಣಿಯ ನಂಬರು ಸಿಗುತ್ತದೆ.

ಅದಕ್ಕಿಂತ ಹಿಂದಿನ ಹೆಂಗಸರನ್ನು ಹುಡುಕಬೇಕಾದ್ದು ಅಟ್ಟದ ಮೇಲೆ. ಹಿತ್ತಾಳೆ, ತಾಮ್ರದ ಚೊಂಬು, ಕೊಡಪಾನ, ಪರಾತಗಳ ಕಂಠದಲ್ಲೋ ಅಂಚಿನಲ್ಲೋ ಚುಕ್ಕಿ ಹೊಡೆದು ಕೊರೆಸಿದ ಹೆಸರು, ಊರು, ಕೆಲವೊಮ್ಮೆ ವರ್ಷ ಇರುತ್ತದೆ. ನನ್ನ ಪ್ರಕಾರ ಕಚೇರಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ಕಚೇರಿಯ ಪುಸ್ತಕ ಮುಂದಿನ ವರ್ಷವೂ ಇದ್ದೀತು, ಹಳೆ ಪಾತ್ರೆ ತೂಕಕ್ಕೆ ಹೋದರೆ ಮುಗಿಯಿತು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಇನ್ನೂ ಸವೆಯುತ್ತದೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಸೀಮೆಸುಣ್ಣದ ನುಣ್ಣನೆ ಪುಡಿ ಸವರಿ, ಮೇಲಿನದನ್ನು ಮೆಲ್ಲಗೆ ಒರೆಸಿದರೆ ಚುಕ್ಕಿಗಳಲ್ಲಿ ಬಿಳುಪು ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಪಾತ್ರೆಗೆ ತಾಗುವಷ್ಟು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಎದುರಿನಿಂದ ಫ್ಲಾಶ್ ಹಾಕಿದರೆ ಹೊಳಪು ಬಿಟ್ಟು ಬೇರೇನೂ ಬರುವುದಿಲ್ಲ.

ಕೊರೆಸಿದ ಹೆಸರು ಕೊಟ್ಟವರದ್ದೂ ಆಗಿರಬಹುದು, ಪಡೆದವರದ್ದೂ ಆಗಿರಬಹುದು. ಒಂದು ಮದುವೆಯ ಪಾತ್ರೆ ಇನ್ನೊಂದು ಮದುವೆಗೆ ಉಡುಗೊರೆಯಾಗಿ ಹೋಗುವುದೂ ಉಂಟು. ಆದ್ದರಿಂದ ಅದನ್ನು ಮುಯ್ಯಿ ಪುಸ್ತಕದ (ಮದುವೆಯಲ್ಲಿ ಯಾರು ಏನು ಉಡುಗೊರೆ ಕೊಟ್ಟರೆಂದು ಬರೆದಿಟ್ಟ ಪಟ್ಟಿಯ) ಜತೆ ಹೋಲಿಸಿ ನೋಡಬೇಕು. ಮುಯ್ಯಿ ಪಟ್ಟಿಯಲ್ಲಿ ಹೆಸರಿನ ಪಕ್ಕ ಊರೂ ಬರೆದಿರುತ್ತಾರೆ. ಒಂದೇ ಊರು ಎರಡು ಮೂರು ಮದುವೆಗಳ ಪಟ್ಟಿಯಲ್ಲಿ ಬಂದರೆ ಅದು ಯಾರದೋ ತವರು ಅಥವಾ ಹೆಣ್ಣು ಕೊಟ್ಟ ಊರು ಇರಬಹುದು. ಅಲ್ಲಿಗೆ ಹೋಗಿ ಕೇಳಿದರೆ ಮುತ್ತಜ್ಜಿಯ ಹೆಸರು ಸಿಗಬಹುದು.

ಹಳೆಯ ಲಗ್ನಪತ್ರಿಕೆ, ಜಾತಕಗಳಲ್ಲಿ ಸಂವತ್ಸರ ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುತ್ತದೆಂಬುದನ್ನು ಮರೆಯಬೇಡಿ. ಶುಭಕೃತು ಎಂದರೆ 1902-03 ಇರಬಹುದು, 1962-63 ಇರಬಹುದು. ಸಂವತ್ಸರ ಬದಲಾಗುವುದು ಯುಗಾದಿಗೆ. 1962ರ ಯುಗಾದಿಗೆ ಶುರುವಾದ ಶುಭಕೃತುವಿನ ಮಾಘ ಎಂದರೆ 1963. ತಿಥಿ, ವಾರ ಎರಡೂ ಹೊಂದುವ ವರ್ಷವನ್ನು ಪಂಚಾಂಗದಲ್ಲಿ ನೋಡಿಯೇ ಬರೆಯಿರಿ.

ಸಿಕ್ಕ ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿಯಾಗಿ ಕಾಗದಕ್ಕೇ ಇಳಿಯುತ್ತದೆ. ಮೈದಾ ಅಂಟು ಹುಳುವನ್ನು ಕರೆಯುತ್ತದೆ. ಗುಂಡುಪಿನ್ನು, ಸ್ಟೇಪಲ್ ತೆಗೆದು, ಮಡಿಕೆ ಬಿಡಿಸಿ, ಗಂಜಿ ಹಾಕದೆ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿಡಿ. ಬೀರು ಹೊರಗೋಡೆಗೆ ತಾಗದಿರಲಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡಿ. ಕಾಗದಕ್ಕೆ 300 ಡಿಪಿಐ, ಫೋಟೋಗೆ 600 ಡಿಪಿಐ ಸ್ಕ್ಯಾನ್ ಸಾಕು. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಗೋಡೆಗೆ ತೂಗುಹಾಕಿದ ಚೌಕಟ್ಟಿನಲ್ಲಿ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮುಖವೇ ಗಾಜಿಗೆ ಕಿತ್ತುಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೆಯೇ ಇಡಿ.