ಕಾವಲಿ ಕಾಯುವ ತನಕ ಕಾಯಿರಿ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನ ಬಾಡಿಗೆ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಮೊದಲ ಬೆಳಿಗ್ಗೆಯೇ ಅವನು ದೊಡ್ಡಮ್ಮನಿಗೆ ಆಮ್ಲೆಟ್ ಮಾಡಿ ಬಡಿಸುತ್ತೇನೆಂದು ಅಡುಗೆಮನೆಗೆ ಹೊರಟ. ಒಲೆ ಹೊತ್ತಿಸಿದ, ಕಾವಲಿ ಇಟ್ಟ, ಅದು ಬೆಚ್ಚಗಾಗುವ ಮೊದಲೇ ನಾಲ್ಕು ಚಮಚದಷ್ಟು ಎಣ್ಣೆ ಸುರಿದ, ಆಗಷ್ಟೇ ಫ್ರಿಜ್ಜಿನಿಂದ ತೆಗೆದ ಮೊಟ್ಟೆಗಳನ್ನು ಕಲಕಿ ಹೊಯ್ದ, ಹತ್ತು ಎಣಿಸುವಷ್ಟರಲ್ಲಿ ಸಟ್ಟುಗ ತೂರಿಸಿ ಕೆರೆಯತೊಡಗಿದ. ನನ್ನ ತಟ್ಟೆಗೆ ಬಂದದ್ದು ಮೊಟ್ಟೆಯ ಪಲ್ಯ. ಇನ್ನರ್ಧ ಮೊಟ್ಟೆ ಕಾವಲಿಗೇ ಸಂದಿತ್ತು. "ಎಣ್ಣೆ ಕಮ್ಮಿಯಾಯಿತು ದೊಡ್ಡಮ್ಮ, ನಾಳೆ ಇನ್ನೂ ಸ್ವಲ್ಪ ಹಾಕುತ್ತೇನೆ" ಎಂದ.

ಈ ಮಾತನ್ನು ನಾನು ನನ್ನ ಸೊಸೆಯ ಬಾಯಲ್ಲಿ ಕೇಳಿದ್ದೇನೆ, ನೆರೆಮನೆಯ ಹುಡುಗಿಯ ಬಾಯಲ್ಲಿ ಕೇಳಿದ್ದೇನೆ, ಕೇಳಿ ಕೇಳಿ ಸಾಕಾಗಿ ಈಗ ಬರೆಯಲು ಕುಳಿತಿದ್ದೇನೆ. ಆಮ್ಲೆಟ್ ಅಂಟುವುದಕ್ಕೂ ಎಣ್ಣೆಯ ಪ್ರಮಾಣಕ್ಕೂ ಇವರು ಅಂದುಕೊಂಡಷ್ಟು ಸಂಬಂಧವಿಲ್ಲ. ನಮ್ಮ ಯಜಮಾನರಿಗೆ ಎದೆನೋವು ಬಂದು ವೈದ್ಯರು ಎಣ್ಣೆಗೆ ಕಡಿವಾಣ ಹಾಕಿದ ಮೇಲೆ, ಅಂದರೆ ಈಗ್ಗೆ 18 ವರ್ಷಗಳಿಂದ, ನಮ್ಮ ಮನೆಯಲ್ಲಿ ಎರಡು ಮೊಟ್ಟೆಗೆ ಅರ್ಧ ಚಹಾ ಚಮಚಕ್ಕಿಂತ ಹೆಚ್ಚು ಎಣ್ಣೆ ಬಿದ್ದಿಲ್ಲ. ಅಷ್ಟು ಎಣ್ಣೆಯಲ್ಲಿರುವುದು ಹೆಚ್ಚೆಂದರೆ 20 ಕ್ಯಾಲರಿ. ಹಾಗೆಂದು ನಮ್ಮ ಕಾವಲಿಗೆ ಆಮ್ಲೆಟ್ ಅಂಟಿದ್ದನ್ನು ಯಾರೂ ಕಂಡಿಲ್ಲ, ನಾನು ಊರಿನಲ್ಲಿಲ್ಲದ ದಿನಗಳನ್ನು ಬಿಟ್ಟು.

ಮೊಟ್ಟೆಯ ಬಿಳಿ 62-65 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಗಟ್ಟಿಯಾಗತೊಡಗುತ್ತದೆ. ಕುದಿಯುವ ನೀರಿಗಿಂತ ಎಷ್ಟೋ ಕಡಿಮೆ ಬಿಸಿ ಅದು. ತಣ್ಣಗಿನ ಕಾವಲಿಗೆ ಮೊಟ್ಟೆ ಹೊಯ್ದರೆ, ನೀರಿನಂತಿರುವ ಆ ಬಿಳಿ ಕಬ್ಬಿಣದ ಕಣ್ಣಿಗೆ ಕಾಣದ ಸಂದುಗಳಿಗೆಲ್ಲ ನಿಧಾನವಾಗಿ ಇಳಿದು, ಕಾವಲಿ ಬಿಸಿಯಾದಂತೆ ಅಲ್ಲಿಯೇ ಬೆಂದು ಬೇರು ಬಿಡುತ್ತದೆ. ಮೊದಲೇ ಕಾದ ಕಾವಲಿಗೆ ಹೊಯ್ದರೆ ಅದರ ತಳ ಮುಟ್ಟಿದ ಕೂಡಲೇ ಗಟ್ಟಿಯಾಗುತ್ತದೆ, ಒಳಗಿನ ತೇವ ಹಬೆಯಾಗಿ ತಳವನ್ನು ಸ್ವಲ್ಪ ಎತ್ತಿಯೇ ಹಿಡಿಯುತ್ತದೆ, ತೆಳುವಾಗಿ ಹರಡಿದ ಎಣ್ಣೆ ನಡುವೆ ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಕಾಯುವುದೆಂದರೆ ಬಿಸಿಯಾಗುವುದೂ ಹೌದು, ತಾಳಿಕೊಂಡು ನಿಲ್ಲುವುದೂ ಹೌದು. ಕಾವಲಿ ಒಂದನ್ನು ಮಾಡಬೇಕು, ನೀವು ಇನ್ನೊಂದನ್ನು. ಈಗಿನವರು ಎರಡಕ್ಕೂ ಬಿಡುವುದಿಲ್ಲ.

ಕಾವಲಿ ಎಂದರೆ ನಾನು ಹೇಳುತ್ತಿರುವುದು ಬೀಡಿನ, ಅಂದರೆ ಎರಕದ ಕಬ್ಬಿಣದ ಕಾವಲಿ, ಪಳಗಿದ್ದು. ಪಳಗಿಸುವುದು ಗೊತ್ತಿಲ್ಲದವರು ಮನೆಯ ಹಿರಿಯರನ್ನು ಕೇಳಿ ಕಲಿಯಿರಿ, ಅದಕ್ಕೆ ವಾರಗಟ್ಟಲೆ ಎಣ್ಣೆ ಸವರಿ ಕಾಯಿಸುವ ವ್ಯವಧಾನ ಬೇಕು. ಬೀಡು ಬೇಗ ಬಿಸಿಯಾಗುವುದಿಲ್ಲ, ಎಲ್ಲೆಡೆ ಒಂದೇ ಸಮನೆಯೂ ಬಿಸಿಯಾಗುವುದಿಲ್ಲ. ಆದ್ದರಿಂದ ಉರಿಯನ್ನು ನಡುಮಟ್ಟದಲ್ಲಿಟ್ಟು, ಕಾವಲಿಯನ್ನು ಆಗಾಗ ಕಾಲು ಸುತ್ತು ತಿರುಗಿಸುತ್ತ, ಒಂದು ಲೋಟ ಕಾಫಿ ಬೆರೆಸಿಕೊಳ್ಳುವಷ್ಟು ಹೊತ್ತು ಬಿಡಬೇಕು. ಆಮೇಲೆ ಬೆರಳು ಅದ್ದಿ ಒಂದು ಹನಿ ನೀರು ಕೊಡವಿರಿ. ಹನಿ ಹರಡಿಕೊಂಡು ಸುಮ್ಮನೆ ಗುಳ್ಳೆ ಎಬ್ಬಿಸುತ್ತ ಕುಳಿತರೆ ಕಾವಲಿ ಇನ್ನೂ ಹಸಿ. ಚುರ್ ಎಂದು ಒಡೆದು ಕ್ಷಣದಲ್ಲಿ ಮಾಯವಾದರೆ ಹದ. ಹನಿ ಆರದೆ ಪಾದರಸದಂತೆ ಗುಂಡಗಾಗಿ ಕಾವಲಿಯ ತುಂಬ ಓಡಾಡಿದರೆ ಕಾವು ಮೀರಿದೆ ಎಂದು ತಿಳಿದು ಉರಿ ತಗ್ಗಿಸಿ. ಹೆಚ್ಚು ಬಿಸಿಯಾದ ಕಾವಲಿಯಲ್ಲಿ ನೀರು ಬೇಗ ಆರುವ ಬದಲು ತಡವಾಗಿ ಆರುವುದೇಕೆ ಎಂದು ನನಗೆ ಬಹಳ ವರ್ಷ ಸೋಜಿಗವಾಗಿತ್ತು. ಭೌತಶಾಸ್ತ್ರ ಓದುವ ಮೊಮ್ಮಗಳು ಅದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮವೆಂದು ಹೆಸರಿದೆ, ಆ ಹೆಸರಿನ ಜರ್ಮನ್ ವೈದ್ಯನೊಬ್ಬ 1756ರಲ್ಲಿಯೇ ಅದರ ಬಗ್ಗೆ ಬರೆದಿದ್ದಾನೆ, ಹನಿಯ ತಳದಲ್ಲಿ ಹಬೆಯದೇ ಒಂದು ಹಾಸಿಗೆ ಏಳುವುದರಿಂದ ನೀರಿಗೆ ಕಾವಲಿ ತಾಗುವುದೇ ಇಲ್ಲ ಎಂದೆಲ್ಲ ವಿವರಿಸಿದಳು. ಇಷ್ಟೆಲ್ಲ ಬಲ್ಲ ಹುಡುಗಿ ದೋಸೆ ಹೊಯ್ಯುವಾಗ ಹನಿ ಕೊಡವಿ ನೋಡುವುದಿಲ್ಲ, ಅದು ಬೇರೆ ಮಾತು.

ಇನ್ನು ಕಾದ ಕಾವಲಿಗೆ ಈರುಳ್ಳಿ ಉಜ್ಜುವ ವಿಷಯಕ್ಕೆ ಬರುತ್ತೇನೆ. ಇದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಕೊಪ್ಪದ ಕಡೆಯ ಮನೆ, ಸೌದೆ ಒಲೆ, ಉರಿ ಏರಿಸಲು ತಗ್ಗಿಸಲು ತಿರುಪು ಇಲ್ಲದ ಕಾಲ. ದೋಸೆಗೆ ಒಂದು ಕಾವಲಿ, ಮೊಟ್ಟೆಗೆ ಇನ್ನೊಂದು. ಮೊಟ್ಟೆಯ ಕಾವಲಿ ಹಬ್ಬದ ದಿನ ಅಡುಗೆಮನೆಯ ಒಳಗೇ ಬರುವಂತಿರಲಿಲ್ಲ, ಹಿಂದಿನ ಜಗಲಿಯ ಗೂಟಕ್ಕೆ ನೇತುಬೀಳುತ್ತಿತ್ತು. ಅದರ ಜೊತೆಗೇ ಒಂದು ಬಿದಿರಿನ ಕಡ್ಡಿ, ಕಡ್ಡಿಯ ತುದಿಗೆ ಚುಚ್ಚಿದ ಅರ್ಧ ಈರುಳ್ಳಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅದನ್ನು ಒಣಗಿದ ಕಸವೆಂದು ತಿಪ್ಪೆಗೆ ಎಸೆದು, ಅತ್ತೆ ಇಡೀ ದಿನ ನನ್ನೊಡನೆ ಮಾತನಾಡಿರಲಿಲ್ಲ.

ಈರುಳ್ಳಿಯನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಮೊಳಕೆ ಬಂದದ್ದು ಬೇಡ, ಹೊಸ ಬೆಳೆಯ ನೀರು ತುಂಬಿದ ಈರುಳ್ಳಿಯೂ ಬೇಡ, ಸಿಪ್ಪೆ ಗರಿಗರಿಯಾಗಿ ಒಣಗಿದ, ಅಂಗೈಯಲ್ಲಿ ಅಡಗುವಷ್ಟು ಗಾತ್ರದ, ಒತ್ತಿದರೆ ಕಲ್ಲಿನಂತಿರುವ ಗಡ್ಡೆ ಬೇಕು. ಸಿಪ್ಪೆ ಸುಲಿಯಬಾರದು. ಅಡ್ಡಕ್ಕೆ ಕತ್ತರಿಸಿ, ಬೇರಿನ ಕಡೆಯ ಅರ್ಧವನ್ನು ಇಟ್ಟುಕೊಂಡು ಇನ್ನರ್ಧವನ್ನು ಆಮ್ಲೆಟ್ಟಿಗೆ ಹೆಚ್ಚಿಕೊಳ್ಳಿ. ಬೇರಿನ ಕಡೆಯೇ ಏಕೆಂದರೆ ಪದರಗಳೆಲ್ಲ ಅಲ್ಲಿ ಕೂಡಿಕೊಂಡಿರುತ್ತವೆ, ಉಜ್ಜುವಾಗ ಉಂಗುರ ಉಂಗುರವಾಗಿ ಬಿಚ್ಚಿಕೊಳ್ಳುವುದಿಲ್ಲ. ಬೇರಿನ ನಡುವಿಗೆ ಮುಳ್ಳುಚಮಚ ಚುಚ್ಚಿ. ಈಗ ಕಾದ ಕಾವಲಿಯ ನಡುವೆ ನಾಲ್ಕೈದು ಹನಿ ಎಣ್ಣೆ ಬೀಳಿಸಿ, ಈರುಳ್ಳಿಯ ಕತ್ತರಿಸಿದ ಮುಖವನ್ನು ಅದರ ಮೇಲೆ ಊರಿ, ನಡುವಿನಿಂದ ಅಂಚಿಗೆ ರಂಗೋಲಿಯ ಸುಳಿ ಎಳೆದಂತೆ ಸುತ್ತುತ್ತ ಹೋಗಿ, ಅಂಚಿನಿಂದ ಮತ್ತೆ ನಡುವಿಗೆ ಬನ್ನಿ. ಹಗುರವಾಗಿ ತಡವಿದರೆ ಸಾಲದು, ಮಣಿಕಟ್ಟಿನ ಭಾರ ಬೀಳಬೇಕು. ಅಂಚನ್ನು ಎಲ್ಲರೂ ಮರೆಯುತ್ತಾರೆ, ಆಮ್ಲೆಟ್ ಮೊದಲು ಹಿಡಿದುಕೊಳ್ಳುವುದೂ ಅಲ್ಲಿಯೇ.

ಉಜ್ಜುವಾಗ ಕಣ್ಣಿಗಿಂತ ಕಿವಿಯ ಮಾತು ಕೇಳಬೇಕು. ಮೊದಲ ಸುತ್ತಿನಲ್ಲಿ ಈರುಳ್ಳಿಯ ರಸ ಒಡೆದು ಜೋರಾದ ಚರ್ ಸದ್ದು ಬರುತ್ತದೆ, ಹಸಿ ಘಾಟು ಮೂಗಿಗೆ ಹೊಡೆಯುತ್ತದೆ. ಎರಡನೆಯ ಸುತ್ತಿಗೆ ಸದ್ದು ಇಳಿಯುತ್ತದೆ. ಮೂರನೆಯದಕ್ಕೆ ಸಣ್ಣ ಗುಸುಗುಸು ಮಾತ್ರ ಉಳಿದು, ಘಾಟು ಹೋಗಿ ಒಗ್ಗರಣೆಯ ಸಿಹಿ ವಾಸನೆ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ. ಆಮೇಲಿನ ಕೆಲಸವನ್ನು ನೂರಕ್ಕೆ ತೊಂಬತ್ತು ಜನ ಮಾಡುವುದಿಲ್ಲ, ಮಾಡದೆ ಈರುಳ್ಳಿಯಿಂದ ಏನೂ ಪ್ರಯೋಜನವಾಗಲಿಲ್ಲ ಎಂದು ನನ್ನ ಬಳಿ ದೂರುತ್ತಾರೆ: ಮಡಿಸಿದ ಹತ್ತಿ ಬಟ್ಟೆಯಿಂದ ಕಾವಲಿಯನ್ನು ಒಮ್ಮೆ ಒರೆಸಬೇಕು. ಈರುಳ್ಳಿಯ ರಸದಲ್ಲಿ ಸಕ್ಕರೆಯ ಅಂಶವಿದೆ, ಅದು ಕಂದಿ ಕಾವಲಿಯ ಮೇಲೆ ಉಳಿದರೆ ಅದೇ ಅಂಟಾಗುತ್ತದೆ. ಒರೆಸಿದ ಮೇಲೆ ಕಾವಲಿ ಕನ್ನಡಿಯಂತೆ ಮಂದವಾಗಿ ಹೊಳೆಯಬೇಕು, ಆದರೆ ಎಲ್ಲಿಯೂ ಎಣ್ಣೆ ನಿಂತಿರಬಾರದು. ಬಟ್ಟೆ ಹಳೆಯ ಪಂಚೆಯದ್ದಾಗಿರಲಿ, ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಒರೆಸುವ ಬಟ್ಟೆ ಬಿಸಿಗೆ ಕರಗಿ ಕಾವಲಿಗೇ ಮೆತ್ತಿಕೊಳ್ಳುತ್ತದೆ. ಅತ್ತೆಯವರು ಇದನ್ನೆಲ್ಲ ಈರುಳ್ಳಿಯ ಗುಣ ಎನ್ನುತ್ತಿದ್ದರು. ಎಣ್ಣೆಯನ್ನು ಕೂದಲೆಳೆಯಷ್ಟು ತೆಳುವಾಗಿ ಎಲ್ಲೆಡೆ ಹರಡುವುದು, ಕಾವು ಮೀರಿದ ಜಾಗವನ್ನು ತನ್ನ ರಸದಿಂದ ತಣಿಸುವುದು, ಹದ ಬಂದದ್ದನ್ನು ಸದ್ದಿನಿಂದ ಹೇಳುವುದು, ಇಷ್ಟೇ ಅದರ ಗುಣವೆಂದು ನನಗೆ ಈಗ ಅನ್ನಿಸುತ್ತದೆ. ಇಷ್ಟು ಮಾಡುವ ಬೇರೆ ಸಾಧನ ನನಗಂತೂ ಸಿಕ್ಕಿಲ್ಲ.

ಒರೆಸಿದ ಕಾವಲಿಗೆ ಉಳಿದ ಎಣ್ಣೆಯನ್ನು ಬಿಟ್ಟು, ಉರಿ ಸಣ್ಣದು ಮಾಡಿ, ಒಂದು ಉಸಿರು ತಡೆದು ಮೊಟ್ಟೆ ಹೊಯ್ಯಿರಿ. ಮೊಟ್ಟೆಯನ್ನು ಮೊದಲೇ ಫ್ರಿಜ್ಜಿನಿಂದ ತೆಗೆದಿಟ್ಟಿರಬೇಕು, ಮರೆತಿದ್ದರೆ ಒಡೆಯುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ. ಇಷ್ಟು ಹೊತ್ತು ಕಾಯಿಸಿದ ಕಾವಲಿಯನ್ನು ತಣ್ಣಗಿನ ಮೊಟ್ಟೆ ಒಂದೇ ಕ್ಷಣದಲ್ಲಿ ತಣಿಸಿಬಿಡುತ್ತದೆ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸಣ್ಣಗೆ ಹೆಚ್ಚಿರಲಿ. ದಪ್ಪ ಚೂರುಗಳಿದ್ದರೆ ಮಗುಚುವಾಗ ಅವುಗಳ ಪಕ್ಕದಲ್ಲಿಯೇ ಹರಿಯುತ್ತದೆ. ಉಪ್ಪು ಬೆರೆಸಿದ ಮೇಲೆ ತಡಮಾಡಬೇಡಿ, ಈರುಳ್ಳಿ ನೀರು ಬಿಡುತ್ತದೆ. ಟೊಮೆಟೊ ಬೇಕೇ ಬೇಕೆನ್ನುವವರು ಬೀಜ ಮತ್ತು ರಸವನ್ನು ತೆಗೆದು ತಿರುಳನ್ನಷ್ಟೇ ಹಾಕಲಿ. ಹಾಲು ಬೆರೆಸುವವರಿಗೆ ನಾನು ಏನನ್ನೂ ಹೇಳುವುದಿಲ್ಲ, ಅಂಟಿದಾಗ ಅವರಿಗೇ ತಿಳಿಯುತ್ತದೆ.

ಹೊಯ್ದ ಮೇಲೆ ಸಟ್ಟುಗವನ್ನು ಕೈಯಿಂದ ಕೆಳಗಿಡಿ. ಇದು ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ನನಗೆ ಗೊತ್ತು. ಕಾವಲಿಯನ್ನು ಎತ್ತಿ ಒಮ್ಮೆ ವಾಲಿಸಿ ಮೊಟ್ಟೆಯನ್ನು ಹರಡಿ, ಮುಚ್ಚಳ ಮುಚ್ಚಿ. ಮುಚ್ಚಿದರೆ ಮೇಲ್ಭಾಗ ಹಬೆಯಲ್ಲಿಯೇ ಬೇಯುವುದರಿಂದ ಮಗುಚುವ ಅಗತ್ಯವಿಲ್ಲ, ಎರಡನೆಯ ಸಲ ಎಣ್ಣೆ ಬಿಡುವ ಅಗತ್ಯವೂ ಇಲ್ಲ. ಅರ್ಧ ನಿಮಿಷದ ಮೇಲೆ ಮುಚ್ಚಳ ತೆಗೆದು ನೋಡಿದರೆ ಅಂಚು ತಾನಾಗಿಯೇ ಕಾವಲಿಯಿಂದ ಬಿಡಿಸಿಕೊಂಡು ಲೇಸಿನಂತೆ ಮೇಲೆದ್ದಿರುತ್ತದೆ, ಮೇಲಿನ ಹಸಿ ಹೊಳಪು ಮಾಸಿರುತ್ತದೆ. ಕಾವಲಿಯ ಹಿಡಿಯನ್ನು ಮೆಲ್ಲಗೆ ಅಲುಗಿಸಿ, ಆಮ್ಲೆಟ್ ಜಾರಿದರೆ ಅದು ಸಿದ್ಧ. ಜಾರದಿದ್ದರೆ ಬೆಂದಿಲ್ಲವೆಂದು ಅರ್ಥ, ಕೆರೆಯಬೇಡಿ, ಇನ್ನು ಹತ್ತು ಎಣಿಸಿ. ಸಿದ್ಧವಾದದ್ದನ್ನು ಅರ್ಧಕ್ಕೆ ಮಡಿಸಿ ಒಲೆ ಆರಿಸಿದರೆ ಬೀಡಿನಲ್ಲಿ ಉಳಿದ ಕಾವೇ ಒಳಗನ್ನು ಮುಗಿಸಿಕೊಡುತ್ತದೆ.

ನಾನ್‌ಸ್ಟಿಕ್ ಕಾವಲಿಯವರಿಗೆ ಇಷ್ಟೆಲ್ಲ ಸಂಭ್ರಮ ಬೇಡ, ಆದರೆ ಅದನ್ನು ಖಾಲಿಯಾಗಿ ದೊಡ್ಡ ಉರಿಯಲ್ಲಿ ಕಾಯಿಸಬೇಡಿ. ಆ ಲೇಪ 260 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ. ಅದಕ್ಕೆ ಎಣ್ಣೆ ಸವರಿಯೇ ಸಣ್ಣ ಉರಿಯಲ್ಲಿಡಬೇಕು, ಮರದ ಸಟ್ಟುಗವನ್ನೇ ಬಳಸಬೇಕು. ಉಕ್ಕಿನ ಸಟ್ಟುಗದಿಂದ ಗೀರಿದ ನಾನ್‌ಸ್ಟಿಕ್ಕಿಗೆ ನನ್ನ ಬಳಿ ಔಷಧವಿಲ್ಲ.

ಮೊಟ್ಟೆ ಕಲಕಿದ ಬಟ್ಟಲಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ವಾಸನೆ ಹೋಗಲೆಂದು ಎಲ್ಲರೂ ಅದಕ್ಕೆ ಮೊದಲು ಬಿಸಿನೀರು ಹೊಯ್ಯುತ್ತಾರೆ. ಕಾವಲಿಯಲ್ಲಿ ಆಗುವುದೇ ಬಟ್ಟಲಿನಲ್ಲಿಯೂ ಆಗುತ್ತದೆ, ಬಿಸಿನೀರಿಗೆ ಮೊಟ್ಟೆ ಬೆಂದು ಬಟ್ಟಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಬೆರಳಾಡಿಸಿ ತೊಳೆದು, ಆಮೇಲೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟದಿಂದ ಉಜ್ಜಿ, ಕೊನೆಗೆ ಬೇಕಾದರೆ ಬಿಸಿನೀರು. ಬೀಡಿನ ಕಾವಲಿಗಂತೂ ಹುಣಸೆಯನ್ನೂ ತೋರಿಸಬೇಡಿ, ಉಕ್ಕಿನ ನಾರನ್ನೂ ತೋರಿಸಬೇಡಿ, ಹುಳಿ ತಾಗಿದರೂ ಕೆರೆದರೂ ವರ್ಷಗಟ್ಟಲೆ ಪಳಗಿದ್ದೆಲ್ಲ ಒಂದೇ ದಿನದಲ್ಲಿ ಕಳಚಿಹೋಗುತ್ತದೆ. ಬಿಸಿಯಿರುವಾಗಲೇ ಒರೆಸಿ, ತೊಳೆಯಲೇಬೇಕಾದರೆ ತೊಳೆದ ಕೂಡಲೇ ಒಲೆಯ ಮೇಲಿಟ್ಟು ತೇವ ಆರಿಸಿ, ಒಂದು ಹನಿ ಎಣ್ಣೆ ಸವರಿ ತೂಗುಹಾಕಿ. ಸಿಂಕಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುವವರ ಮನೆಯಲ್ಲಿ ಆಮ್ಲೆಟ್ ಅಂಟದೆ ಇನ್ನೇನಾಗಬೇಕು?

ಉಜ್ಜಿದ ಈರುಳ್ಳಿ ಮೂರು ನಾಲ್ಕು ದಿನ ಬರುತ್ತದೆ. ಪ್ರತಿದಿನವೂ ಕಂದಿದ ಮುಖವನ್ನು ಕಾಗದದಷ್ಟು ತೆಳುವಾಗಿ ಕೊಯ್ದು ಹೊಸ ಮುಖ ಮಾಡಿಕೊಂಡು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಬೇಕು. ಇಷ್ಟನ್ನೂ ತಂಗಿಯ ಮಗನಿಗೆ ಎದುರು ನಿಲ್ಲಿಸಿಕೊಂಡು ಮೂರು ಬೆಳಿಗ್ಗೆ ಮಾಡಿಸಿ, ಮೂರನೆಯ ದಿನದ ಆಮ್ಲೆಟ್ ಕಾವಲಿಯಿಂದ ತಟ್ಟೆಗೆ ತಾನಾಗಿಯೇ ಜಾರಿದ್ದನ್ನು ನೋಡಿಯೇ ಊರಿಗೆ ಹೊರಟಿದ್ದೆ. ಮೊನ್ನೆ ಫೋನ್ ಮಾಡಿದ್ದ. ಒಂದು ಚೂರೂ ಅಂಟಲಿಲ್ಲ ದೊಡ್ಡಮ್ಮ, ಅರ್ಧ ಚಮಚ ಎಣ್ಣೆಯೇ ಹೆಚ್ಚಾಯಿತು ಎಂದು ಹಿಗ್ಗಿದ. ಈರುಳ್ಳಿಯನ್ನು ಡಬ್ಬಿಗೆ ಹಾಕಿಟ್ಟೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪ್ಪಾಗಿತ್ತಲ್ಲ, ಕಸದ ಬುಟ್ಟಿಗೆ ಹಾಕಿದೆ ಎಂದ.