ಕರೆಂಟ್ ಬಂತು ಅಂತ ಫೋನ್ ಮಾಡೋ ಡಬ್ಬಿ: ಧಂದೆ ಹೇಗೆ ಕುದುರಿತು

"ಮೋಟರ್ ಚಾಲೂ ಮಾಡೂದಿಲ್ಲ, ಬರೇ ಫೋನ್ ಮಾಡ್ತದ. ಇದನ್ನ ಯಾರ್ ತಗೋತಾರ ತಮ್ಮಾ?" ಹೊಲದ ಮೋಟರಿಗೆ ಕರೆಂಟ್ ಬಂದರೆ ರೈತನಿಗೆ ಫೋನ್ ಮಾಡೋ ಡಬ್ಬಿ ನಾನೇ ಮಾಡಿ ಮಾರುತ್ತೇನೆ. ಜಮಖಂಡಿಯಲ್ಲಿ ಈ ಮಾತು ನನಗೆ ಹೇಳದವರು ಕಡಿಮೆ. ಮಾವ ಹೇಳಿದರು, ಬ್ಯಾಂಕಿನವರು ಹೇಳಿದರು, ಜೊತೆಗೆ ಡಿಪ್ಲೊಮಾ ಓದಿದ ಗೆಳೆಯನಂತೂ ಕಂಡಾಗಲೆಲ್ಲ "ಏನಪ್ಪಾ, ನಿನ್ನ ಅಲಾರಾಂ ಗಡಿಯಾರ ಎಲ್ಲಿಗೆ ಬಂತು" ಅಂತ ಕಾಡಿಸಿದ. ಈ ಬೇಸಿಗೆಯಲ್ಲಿ ಮುನ್ನೂರರ ಮೇಲೆ ಡಬ್ಬಿ ಹೋದವು. ಸಾಲದ ಕಂತು ಡಬ್ಬಿಯ ದುಡ್ಡಿನಿಂದಲೇ ಹೋಗುತ್ತಿದೆ. ಆ ಗೆಳೆಯನ ಅಣ್ಣನೂ ಒಂದು ಒಯ್ದಿದ್ದಾನೆ, ರೊಕ್ಕ ಕೊಟ್ಟೇ.

ಡಬ್ಬಿಯ ಕೆಲಸ ಇಷ್ಟೇ. ಹೊಲದಲ್ಲಿ ತ್ರೀ ಫೇಸ್, ಅಂದರೆ ಮೋಟರ್ ಓಡಿಸೋ ಮೂರು ತಂತಿಯ ಕರೆಂಟ್, ಬಂದರೆ ಮೂರು ನಂಬರಿಗೆ ಉದ್ದ ರಿಂಗ್. ಹೋದರೆ ಒಂದೇ ಗಿಡ್ಡ ರಿಂಗ್. ಫೋನ್ ಎತ್ತೋದೇ ಬೇಡ. ಎಸ್ಎಂಎಸ್ ಕೂಡ ಇಟ್ಟಿದ್ದೆ, ಯಾರೂ ಓದಲಿಲ್ಲ, ತೆಗೆದೆ.

ಫೋನಿನಿಂದಲೇ ಮೋಟರ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಯಾಕೆ ಮಾಡಲಿಲ್ಲ ಅಂತ ಕೇಳುವವರಿಗೆ ನನ್ನ ಲೆಕ್ಕ ಬೇರೆ. ಸ್ಟಾರ್ಟರ್ ಮಾಡುವ ದೊಡ್ಡ ಕಂಪನಿಗಳು ಬೇಕಾದಷ್ಟಿವೆ, ಅವರ ರೇಟಿಗೆ ನಾನು ಇಳಿಯೋಕಾಗಲ್ಲ. ಇನ್ನೊಂದು, ನಮ್ಮ ಕಡೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಕೊಡುತ್ತಾರೆ, ಪಾಳಿ ಹಗಲು ರಾತ್ರಿ ಬದಲಾಗುತ್ತಿರುತ್ತದೆ, ಆದರೆ ಬಹಳ ಜನರಿಗೆ ಮೋಟರ್ ತಾನಾಗಿಯೇ ಚಾಲೂ ಆಗೋದು ಬೇಕಿಲ್ಲ. ಪೈಪ್ ಒಡೆದಿರಬಹುದು, ಬಾವಿಯಲ್ಲಿ ನೀರು ತಳ ಕಂಡಿರಬಹುದು, ಅಣ್ಣತಮ್ಮಂದಿರ ಬಾವಿಯಾದರೆ ಅವತ್ತು ನೀರಿನ ಪಾಳಿಯೇ ಬೇರೆಯವರದು. ಅವರಿಗೆ ಬೇಕಾದ್ದು ಸುದ್ದಿ. ಮೇಲಾಗಿ, ನನ್ನ ಡಬ್ಬಿ ಮೋಟರ್ ಚಾಲೂ ಮಾಡಿ ಏಳೂವರೆ ಎಚ್‌ಪಿ ವೈಂಡಿಂಗ್ ಸುಟ್ಟರೆ ಜನ ಎಲ್ಲಿಗೆ ಬರ್ತಾರೆ ಹೇಳಿ? ನಮ್ಮ ಮನೆ ಕಟ್ಟೆಗೇ ಅಲ್ವಾ.

ಹಾಗಾಗಿ ಪ್ಲ್ಯಾನನ್ನು ಹಿಂದಿನಿಂದ ಹಾಕಿದೆ. ಮೊದಲು ರೈತ ಎಷ್ಟು ಕೊಡುತ್ತಾನೆ, ಅದರಲ್ಲಿ ಅಂಗಡಿಯವನಿಗೆ ಎಷ್ಟು ಉಳಿಯಬೇಕು, ಕೆಟ್ಟರೆ ಬದಲಿ ಕೊಡೋಕೆ ಎಷ್ಟು ತೆಗೆದಿಡಬೇಕು, ಇದೆಲ್ಲ ಕಳೆದ ಮೇಲೆ ಸರ್ಕ್ಯೂಟಿಗೆ ಎಷ್ಟು ಉಳೀತು ಅಂತ. ಮೂರು ಸಾವಿರ ದಾಟಿದರೆ "ಮನ್ಯಾಗ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಹಾಗಂದವರು ತಿರುಗಿ ಬರೋದಿಲ್ಲ. ಅದಕ್ಕೆ 2,900 ಅಂತ ಗಟ್ಟಿ ಮಾಡಿದೆ, ಆಮೇಲೆ ಸೋಲ್ಡರಿಂಗ್‌ಗೆ ಕೂತೆ.

ಮೊದಲ ಬ್ಯಾಚು 2ಜಿ ಮಾಡ್ಯೂಲಿನದು. ಮಾಡ್ಯೂಲ್ ಅಂದರೆ ಸಿಮ್ ಹಾಕಿ ಕರೆ ಮಾಡಿಸೋ ಚಿಕ್ಕ ಬೋರ್ಡು. ಇದರ ಹೆಸರು ಸಿಮ್800ಎಲ್, ಮುನ್ನೂರರ ಒಳಗೆ ಸಿಗುತ್ತದೆ. ಐವತ್ತರ ಸುತ್ತ ಮಾಡಿದ್ದೆ. ಅದು ಕರೆ ಮಾಡುವಾಗ ಎರಡು ಆಂಪಿಯರ್‌ವರೆಗೆ ಜಗ್ಗುತ್ತದೆ, ಅಗ್ಗದ ಪವರ್ ಸಪ್ಲೈ ಹಾಕಿದರೆ ಅಲ್ಲೇ ರೀಸೆಟ್. ಅದನ್ನು ದೊಡ್ಡ ಕೆಪಾಸಿಟರ್ ಹಾಕಿ ಸುಧಾರಿಸಿದೆ. ಸುಧಾರಿಸಲಾಗದ್ದು ಸಿಮ್ಮಿನ ವಿಚಾರ. ಜಿಯೋಗೆ 2ಜಿ ಇಲ್ಲ. ಊರಲ್ಲಿ ಮನೆಯಲ್ಲಿ ಬಿದ್ದಿರೋ ಹೆಚ್ಚುವರಿ ಸಿಮ್ ಬಹುತೇಕ ಜಿಯೋದ್ದೇ. ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದೆ, ಬಾಯಿಂದಲೂ ಹೇಳಿದ್ದೆ. ಆದರೂ ಅದನ್ನೇ ಹಾಕಿ "ನಿಮ್ಮ ಡಬ್ಬಿ ಸತ್ತದ" ಅಂತ ಫೋನು. ಸಾವಳಗಿಯ ಒಬ್ಬ ಕಾಕಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದರು, ಒಂದು ಚೀಟಿ ಕೂಡ ಇಲ್ಲ. ಆ ಬ್ಯಾಚಿನಲ್ಲಿ ಮುಕ್ಕಾಲು ಪಾಲು ವಾಪಸ್ ಬಂದವು. ಮೂವತ್ತೈದು ನಲವತ್ತು ಸಾವಿರ ಅಲ್ಲಿಗೆ ಹೋಯಿತು ಅಂದ್ಕೊಳ್ಳಿ.

4ಜಿ ಮಾಡ್ಯೂಲಿಗೆ ಹೋದಾಗ ಸಾಮಾನಿನ ಖರ್ಚು ಒಮ್ಮೆಲೇ ಏಳೆಂಟು ನೂರು ಏರಿತು. ಇಲ್ಲೊಂದು ಗುಂಡಿ ಇದೆ, ಹೇಳಿಬಿಡುತ್ತೇನೆ. ಎಲ್ಲ 4ಜಿ ಮಾಡ್ಯೂಲಿನಲ್ಲೂ ಮಾತಿನ ಕರೆ ಹೋಗೋದಿಲ್ಲ. ಹೆಸರು ಒಂದೇ ಇರುತ್ತದೆ, ಕೊನೆಯ ನಾಲ್ಕು ಅಕ್ಷರ ಬೇರೆ, ಒಂದರಲ್ಲಿ ಬರೇ ಡೇಟಾ, ಇನ್ನೊಂದರಲ್ಲಿ ವೋಲ್ಟಿ (VoLTE), ಅಂದರೆ 4ಜಿಯಲ್ಲೇ ಮಾತಿನ ಕರೆ ಮಾಡೋ ಸೌಲಭ್ಯವೂ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಕೇಳಿದರೆ "ಎಲ್ಲಾ ಒಂದೇ ಸಾರ್" ಅಂತಾರೆ. ಒಂದಲ್ಲ. ಎರಡು ಪೀಸ್ ತಂದು, ಜಿಯೋ, ಏರ್‌ಟೆಲ್, ಬಿಎಸ್ಎನ್ಎಲ್ ಮೂರೂ ಹಾಕಿ, ಹೊಲದಲ್ಲೇ ನಿಂತು ಕರೆ ಮಾಡಿಸಿ ನೋಡಿ. ಆಮೇಲೆ ನೂರು ಪೀಸ್ ತರಿಸಿ. ನಾನು ಕೊನೆಗೆ ಯಾವುದು ಹಿಡಿದೆ, ಅದರೊಳಗಿನ ಸಾಫ್ಟ್‌ವೇರ್ ಯಾವುದು ಅನ್ನೋದು ಇರಲಿ ಬಿಡಿ, ಅದಕ್ಕೆ ಬಹಳ ದುಡ್ಡು ಸುರಿದಿದ್ದೇನೆ. ಸಿಮ್ ಹಾಕುವ ಸಾಮಾನು ಮಾರುವಾಗ ದೂರಸಂಪರ್ಕ ಇಲಾಖೆಯ ಪ್ರಮಾಣಪತ್ರದ ಪ್ರಶ್ನೆಯೂ ಬರುತ್ತದೆ. ಬಿಲ್ಲು ಮತ್ತು ಕಾಗದ ಎರಡೂ ಕೊಡುವ ಡೀಲರನ ಹತ್ತಿರವೇ ಮಾಡ್ಯೂಲ್ ತಗೊಳ್ಳಿ.

ರೀಚಾರ್ಜೂ ದೊಡ್ಡ ತಲೆನೋವಾಗಿತ್ತು. ತಿಂಗಳ ಪ್ಯಾಕ್ ಮರೆತರೆ ಡಬ್ಬಿ ಮೂಕ. ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೇಳಿದ ಮೇಲೆ 2025ರ ಮೊದಲ ತಿಂಗಳುಗಳಲ್ಲಿ ಡೇಟಾ ಇಲ್ಲದ, ಬರೇ ಕರೆ-ಎಸ್ಎಂಎಸ್ ಇರೋ ಉದ್ದ ಅವಧಿಯ ಪ್ಯಾಕು ಬಂದವು. ಎರಡು ಸಾವಿರದ ಒಳಗೆ ಹೆಚ್ಚುಕಡಿಮೆ ವರ್ಷ ಸಾಗುತ್ತದೆ. ಡಬ್ಬಿಯ ರೇಟಿಗೆ ಹೋಲಿಸಿದರೆ ಜಾಸ್ತಿಯೇ. ಆದರೂ ಒಮ್ಮೆ ಹಾಕಿಸಿ ಮರೆಯಬಹುದು ಅಂದಾಗ ಜನ ಒಪ್ಪಿದರು.

ಈಗ ಭೂತದ ಕರೆಂಟಿನ ಕಥೆ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಲೈನಿನ ಮೇಲೆ ಯಾರೋ ಕಂಡೆನ್ಸರ್ ಹಾಕಿ ಟೂ ಫೇಸಿನಲ್ಲಿ ಮೋಟರ್ ಓಡಿಸುತ್ತಿರುತ್ತಾರೆ. ಆ ಮೋಟರೇ ಮೂರನೇ ತಂತಿಗೆ ವೋಲ್ಟೇಜ್ ಹಿಂದಕ್ಕೆ ತಳ್ಳುತ್ತದೆ. ನನ್ನ ಡಬ್ಬಿ ಅದನ್ನು ನೋಡಿ "ಬಂತು ಬಂತು" ಅಂತ ನಡುರಾತ್ರಿ ಎಲ್ಲರನ್ನೂ ಎಬ್ಬಿಸೋದು. ತೇರದಾಳದ ಹತ್ತಿರ ಒಬ್ಬರು ಚಳಿಯಲ್ಲಿ ಬೈಕ್ ಹತ್ತಿ ಹೊಲಕ್ಕೆ ಹೋಗಿ, ಸ್ಟಾರ್ಟರ್ ಒತ್ತಿ, ಮೋಟರ್ ತಿರುಗದೆ ಬರೇ ಗುಂಯ್ ಅಂದಿದ್ದು ಕೇಳಿ ಅಲ್ಲಿಂದಲೇ ನನಗೆ ಫೋನ್ ಹಚ್ಚಿದರು. ಅವರು ಬೈದದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಬರೇ ಮೂರು ಆಪ್ಟೊಕಪ್ಲರ್ (ತಂತಿಯಲ್ಲಿ ವೋಲ್ಟೇಜ್ ಇದೆ ಅಂತ ಬೋರ್ಡಿಗೆ ತಿಳಿಸೋ ಚಿಪ್ಪು) ಇಟ್ಟು ಫೇಸ್ ಇದೆಯಾ ಇಲ್ಲವಾ ನೋಡಿದರೆ ಇದು ಸಿಗೋದಿಲ್ಲ. ಮೂರೂ ಫೇಸಿನ ಅಲೆಗಳ ನಡುವಿನ ಅಂತರ ಅಳೆದೆ, ಆದರೂ ಓಡೋ ಮೋಟರ್ ಆ ಅಂತರವನ್ನೂ ಚೆನ್ನಾಗಿಯೇ ನಟಿಸುತ್ತದೆ. ಒಬ್ಬ ಲೈನ್‌ಮನ್ ಚಹಾ ಕುಡಿಯುತ್ತಾ ಹೇಳಿದ ಒಂದು ಮಾತಿನಿಂದ ದಾರಿ ಸಿಕ್ಕಿತು. ಏನು ಮಾತು ಅಂತ ಹೇಳಲ್ಲ. ಈಗ ಸುಳ್ಳು ರಿಂಗ್ ನೂರಕ್ಕೆ ಒಂದೆರಡು ಡಬ್ಬಿಯಿಂದ ಬರಬಹುದು ಅಷ್ಟೇ, ಮತ್ತು ಇದೇ ನನ್ನ ಡಬ್ಬಿ ಉಳಿದುಕೊಂಡಿರೋ ಕಾರಣ.

ಬಿಸಿಲು ಇನ್ನೊಂದು ಬಗೆಯ ಶತ್ರು. ಏಪ್ರಿಲ್ ಮೇನಲ್ಲಿ ನಮ್ಮಲ್ಲಿ ನಲವತ್ತು ದಾಟುತ್ತದೆ, ತಗಡಿನ ಸ್ಟಾರ್ಟರ್ ಪೆಟ್ಟಿಗೆ ಒಳಗೆ ಕೈ ಇಡೋಕಾಗಲ್ಲ. ಕರೆಂಟ್ ಹೋದ ಸುದ್ದಿ ಹೇಳಲು ಒಳಗೆ ಇಟ್ಟ ಲಿಥಿಯಂ ಬ್ಯಾಟರಿ ಒಂದೇ ಬೇಸಿಗೆಯಲ್ಲಿ ಉಬ್ಬಿತು. ಈಗ ಬ್ಯಾಟರಿಯೇ ಇಲ್ಲ. ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡೋ ಸೂಪರ್ ಕೆಪಾಸಿಟರ್ ಹಾಕಿದ್ದೇನೆ, ಅದರ ಬಲದ ಮೇಲೆ ಗಿಡ್ಡ ರಿಂಗ್ ಕೊಟ್ಟು ಮಲಗುತ್ತದೆ. ಮೂರು ನಂಬರಿಗೆ ಸಾಲೋದಿಲ್ಲ, ಹೋದ ಸುದ್ದಿ ಮೊದಲ ನಂಬರಿಗೆ ಮಾತ್ರ. ಇನ್ನು ಇರುವೆ, ಹಲ್ಲಿ. ಪೆಟ್ಟಿಗೆಯ ಒಳಗಿನ ಬಿಸಿಗೆ ಮಳೆಗಾಲದಲ್ಲಿ ಎಲ್ಲವೂ ಅಲ್ಲಿಗೇ ಬರ್ತಾವೆ. ವೈರು ಒಳಗೆ ಹೋಗೋ ತೂತಿಗೆ ಬಿಗಿಯಾದ ಕೇಬಲ್ ಗ್ಲ್ಯಾಂಡ್ ಹಾಕಿ, ಬೋರ್ಡಿಗೆ ವಾರ್ನಿಷ್ ಬಳಿದ ಮೇಲೆ ಆ ದೂರು ನಿಂತಿತು.

ಡಬ್ಬಿಗೆ ಸ್ವಂತ ಮೋಲ್ಡ್ (ಅಚ್ಚು) ಮಾಡಿಸೋಣ ಅಂತ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೇಳಿದ್ದೆ. ಮೂರು ಲಕ್ಷದ ಸುತ್ತ ಹೇಳಿದರು, ಕೈಮುಗಿದು ಬಂದೆ. ನೂರರ ಸುತ್ತ ಸಿಗುವ ರೆಡಿಮೇಡ್ ಜಂಕ್ಷನ್ ಬಾಕ್ಸ್, ಮೇಲೊಂದು ಸ್ಟಿಕ್ಕರ್. ನದಿ ದಂಡೆಯವರಿಗೆ ಎರಡೇ ಸ್ಕ್ರೂನಲ್ಲಿ ಬಿಚ್ಚೋ ಹಾಗೆ ಮಾಡಿಕೊಟ್ಟೆ, ಯಾಕಂದರೆ 2019ರ ಆಗಸ್ಟಿನ ಪ್ರವಾಹ ಕಂಡವರು ಕೃಷ್ಣೆಗೆ ನೀರು ಬಿಟ್ಟರು ಅಂದಕೂಡಲೇ ಮೋಟರ್, ಸ್ಟಾರ್ಟರ್ ಎಲ್ಲ ಬಿಚ್ಚಿ ಮೇಲೆ ತರುತ್ತಾರೆ.

ಸಾಲಕ್ಕೆ ಓಡಾಡಿದ್ದು ಸುಮ್ನೆ ಒಂದು ಪ್ಯಾರಾದಲ್ಲಿ ಮುಗಿಸುತ್ತೇನೆ. ಸಣ್ಣ ಉದ್ಯಮದವರ ಉದ್ಯಮ್ ನೋಂದಣಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಸಾಕು, ಅದಕ್ಕೆ ಸಾವಿರಾರು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಕೇಂದ್ರದ ಸ್ವಉದ್ಯೋಗ ಯೋಜನೆ ಪಿಎಂಇಜಿಪಿಯ ಸಬ್ಸಿಡಿ ಆಸೆಗೆ ಕೆಲವು ತಿಂಗಳು ಕಾದೆ. ಕಾಯುತ್ತಾ ಕೂತರೆ ಬೇಸಿಗೆ ಹೋಗುತ್ತದೆ ಅಂತ ಮುದ್ರಾದ ಕಿಶೋರ್ ಸಾಲಕ್ಕೆ ಬಂದೆ. ಅದು 50 ಸಾವಿರದಿಂದ 5 ಲಕ್ಷದವರೆಗಿನದು, ಜಾಮೀನು ಕೇಳೋ ಹಾಗಿಲ್ಲ. ಮೊದಲು ಹೋದ ಬ್ಯಾಂಕು ಹೊಲದ ಉತಾರ (ಪಹಣಿ) ಕೇಳಿತು. ಎರಡನೇ ಬ್ಯಾಂಕು ಕೇಳಲಿಲ್ಲ, ಎರಡು ಲಕ್ಷ ಕೊಟ್ಟಿತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಐದು ವರ್ಷದ ಲಾಭ ಬರೆದಿದ್ದಕ್ಕಿಂತ, ಅಂಗಡಿಯವರು ಸಹಿ ಮಾಡಿಕೊಟ್ಟ ಆರ್ಡರ್ ಚೀಟಿ ತೋರಿಸಿದ್ದೇ ಅಲ್ಲಿ ಕೆಲಸ ಮಾಡಿತು.

ಮಾರಾಟದ ಮಾತಿಗೆ ಬರೋಣ. ಮೊದಲ ಸಲ ಜೂನಿನಲ್ಲಿ ಶುರು ಮಾಡಿದ್ದೆ. ಮಳೆ ಬಿತ್ತು, ಮೋಟರ್‌ಗಳೇ ಬಂದ್, ಡಬ್ಬಿ ಯಾರಿಗೆ ಬೇಕು? ಕೃಷಿ ಮೇಳದಲ್ಲಿ ಗೆಳೆಯನ ಮಳಿಗೆಯ ಮೂಲೆಯಲ್ಲಿ ಕೂತೆ. ಪಾಂಪ್ಲೆಟ್ ಸಾವಿರದ ಮೇಲೆ ಹೋದವು, ಡಬ್ಬಿ ಹೋದದ್ದು ಬೆರಳೆಣಿಕೆ. ಆಮೇಲೆ ಫೆಬ್ರವರಿಗೆ ಕಾದೆ. ಆಗ ಕಬ್ಬಿನ ಬಿಲ್ಲು ಕೈಗೆ ಬಂದಿರುತ್ತದೆ, ನಿಂತ ಕಬ್ಬಿಗೆ ನೀರಿನ ಚಿಂತೆಯೂ ಶುರುವಾಗಿರುತ್ತದೆ.

ಮತ್ತು ಮೇಳ, ಜಾಹೀರಾತು ಎಲ್ಲ ಬಿಟ್ಟು ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಹಿಡಿದೆ. ಮೋಟರ್ ಸುಟ್ಟವನು ಅಲ್ಲಿಗೇ ಬರಬೇಕು, ಬಂದವನು ತಾಸುಗಟ್ಟಲೆ ಕೂರಬೇಕು, ಅಂಗಡಿಯವನ ಮಾತೇ ಅವನಿಗೆ ವೇದ. ಮುಧೋಳದ ಒಬ್ಬ ಹಳೇ ವೈಂಡರ್ ನನ್ನ ಡಬ್ಬಿ ಕೈಗೆ ತಗೊಂಡವರು ಮುಚ್ಚಳ ತೆಗೆಯಲಿಲ್ಲ, ಏನು ಮಾಡುತ್ತದೆ ಅಂತ ಕೇಳಲಿಲ್ಲ. ಕಿವಿ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು. ಒಳಗೆ ಏನೋ ಲೊಟಲೊಟ ಅಂತು. "ಇದು ಟ್ರ್ಯಾಕ್ಟರ್‌ನ್ಯಾಗ ಹೊಲಕ್ಕ ಹೋಗೂ ಸಾಮಾನು ತಮ್ಮಾ, ಗಟ್ಟಿ ಮಾಡ್ಕೊಂಡ್ ಬಾ" ಅಂತ ವಾಪಸ್ ಕೊಟ್ಟರು. ಆಂಟೆನಾ ವೈರು ಸಡಿಲ ಇತ್ತು ಅಷ್ಟೇ. ಸಿಲಿಕೋನ್ ಅಂಟು ಹಾಕಿ ಎಲ್ಲಾ ಕೂರಿಸಿ ಮತ್ತೆ ಒಯ್ದೆ, ಮತ್ತೆ ಅಲ್ಲಾಡಿಸಿದರು, ಸದ್ದಿಲ್ಲ, ಐದು ಇಟ್ಟುಕೊಂಡರು. ಈಗ ಅವರೊಬ್ಬರೇ ಎಲ್ಲರಿಗಿಂತ ಜಾಸ್ತಿ ಮಾರೋದು.

ಉದ್ರಿ ಬಗ್ಗೆ ನನ್ನದು ಒಂದೇ ನಿಯಮ. ಮೊದಲ ಐದು ಡಬ್ಬಿ ಇಟ್ಟು ಬರ್ತೀನಿ, ಮಾರಿದ ಮೇಲೆ ದುಡ್ಡು. ಆರನೆಯದರಿಂದ ನಗದು. ಕೆಟ್ಟದ್ದಕ್ಕೆ ಮಾತಿಲ್ಲದೆ ಬದಲಿ, ಹೊಲಕ್ಕೆ ಬಂದು ರಿಪೇರಿ ಮಾತ್ರ ಇಲ್ಲ. ಪ್ರತಿ ಅಂಗಡಿಯಲ್ಲಿ ಎರಡು ಬದಲಿ ಡಬ್ಬಿ ಯಾವಾಗಲೂ ಇರುತ್ತವೆ. ಹೊಲ ಹೊಲ ತಿರುಗಿದ ಹಳೇ ದಿನಗಳಲ್ಲಿ ಲಾಭವೆಲ್ಲ ಪೆಟ್ರೋಲಿಗೇ ಹೋಗುತ್ತಿತ್ತು.

ಲೆಕ್ಕ ಹೆಚ್ಚುಕಡಿಮೆ ಹೀಗೆ. ಸಾಮಾನು, ಜೋಡಣೆ ಸೇರಿ ಡಬ್ಬಿಗೆ 1,500. ಅಂಗಡಿಗೆ 18% ಜಿಎಸ್‌ಟಿ ಸೇರಿಸಿ 2,400, ಅಂದರೆ ನನಗೆ ಎರಡು ಸಾವಿರದ ಚೂರು ಮೇಲೆ. ಬದಲಿಗೆ ಅಂತ 150 ತೆಗೆದಿಡುತ್ತೇನೆ, ಸಾಗಾಟಕ್ಕೆ ಇನ್ನೊಂದು ಎಂಬತ್ತು. ಮುನ್ನೂರು ಉಳಿಯುತ್ತದೆ. ಅಂಗಡಿಯವನಿಗೆ ಐನೂರು. ನನಗಿಂತ ಅವನಿಗೆ ಜಾಸ್ತಿ, ಅದು ಹಾಗೇ ಇರಲಿ. ಅವನಿಗೆ ಇನ್ನೂರು ಸಿಗುತ್ತಿದ್ದಾಗ ಡಬ್ಬಿ ಕಪಾಟಿನ ಹಿಂದೆ ಇರುತ್ತಿತ್ತು.

ನಡುವೆ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿಗೂ ಕೈ ಹಾಕಿದ್ದೆ. ಅದೇ ಬೋರ್ಡು, ಜೊತೆಗೆ ತೇವಾಂಶದ ಸೆನ್ಸರ್. ಅಕಾಲ ಮಳೆಯ ಮುನ್ಸೂಚನೆಗೆ ಹವಾ ತೇವ ಏರಿದ ಕೂಡಲೇ ಫೋನು, ಪರದೆ ಇಳಿಸಿಕೊಳ್ಳಲಿ ಅಂತ. ಐಡಿಯಾ ಎಲ್ಲರಿಗೂ ಹಿಡಿಸಿತು. ಆದರೆ ಬಣ್ಣ ಬರಲಿ ಅಂತ ಗಂಧಕದ ಹೊಗೆ ಹಾಕುತ್ತಾರಲ್ಲ, ಅದಕ್ಕೆ ಸೆನ್ಸರ್ ಕೆಲವೇ ವಾರದಲ್ಲಿ ಹುಚ್ಚು ಹುಚ್ಚು ಅಂಕಿ ತೋರಿಸತೊಡಗಿತು. ಸೆನ್ಸರನ್ನು ಶೆಡ್ಡಿನ ಹೊರಗೆ, ಗಾಳಿ ಬೀಸುವ ಕಡೆ ಕಟ್ಟಿ ನೋಡುತ್ತಿದ್ದೇನೆ. ಮುಂದಿನ ಹಂಗಾಮಿಗೆ ಹತ್ತು ಶೆಡ್ಡು ಸಿಕ್ಕರೆ ಸಾಕು.

ಈಗ ಮಹಾರಾಷ್ಟ್ರದ ಜತ್ತ, ಮಿರಜ ಕಡೆಯ ಅಂಗಡಿಯವರು ಮರಾಠಿ ಸ್ಟಿಕ್ಕರ್ ಹಾಕಿ ಕಳಿಸಿ ಅಂತಿದ್ದಾರೆ. ಗಡಿಯವರು ಇದೊಂದು ನೋಡಿಕೊಳ್ಳಿ: ಕರ್ನಾಟಕದೊಳಗೆ ಸಾಮಾನು ಮಾರಿದರೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಇಂಥ ಡಬ್ಬಿ ಒಂದೇ ಒಂದು ಮಹಾರಾಷ್ಟ್ರಕ್ಕೆ ಮಾರಿದರೂ ನೋಂದಣಿ ಬೇಕು. ಅಥಣಿಯಿಂದ ಗಡಿ ಹತ್ತಿರವೇ ಅಂತ ಬೈಕ್ ಮೇಲೆ ಒಯ್ದು ಕೊಟ್ಟು ಬರೋದಲ್ಲ. ನನ್ನದು ಮೊದಲೇ ಆಗಿತ್ತು, ಅದಕ್ಕೆ ಐವತ್ತರ ಆರ್ಡರ್ ಹಿಡಿದೆ. ಮರಾಠಿ ಸ್ಟಿಕ್ಕರಿಗೆ ಮೂರು ರೂಪಾಯಿ ಹೇಳುತ್ತಿದ್ದಾರೆ, ಎರಡೂವರೆಗೆ ಇಳಿಸಲು ನೋಡುತ್ತಿದ್ದೇನೆ.