ಜೋಳದ ದಂಟಿನ ಮಿಡತೆ: ಆರು ಕಾಲೂ ಎದೆಗೇ

ಕೀಟದ ಮೈ ಹೇಗಿರುತ್ತದೆ ಎಂದು ಪುಟ್ಟ ಮಕ್ಕಳಿಗೆ ಹೇಳಿಕೊಡಲು ಬಣ್ಣದ ಚಾರ್ಟು, ಪ್ಲಾಸ್ಟಿಕ್ ಬೊಂಬೆ ಹುಡುಕಿಕೊಂಡು ಹೋಗಬೇಕಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದರೆ ಜೇವರ್ಗಿ, ಅಫಜಲಪುರ, ಆಳಂದ ಕಡೆ ಊರೂರಿಗೂ ಕಣಿಕೆ ಬಣವಿ ಏಳುತ್ತವೆ. ಅದರಿಂದ ಎಳೆದ ನಾಲ್ಕು ದಂಟು ಸಾಕು. ಇದೇ ದಂಟಿನಲ್ಲಿ ಬಂಡಿ ಮಾಡಿ ಆಡಿದ ಹಿರಿಯರು ಕಲಬುರಗಿಯ ಎಷ್ಟೋ ಮನೆಗಳಲ್ಲಿದ್ದಾರೆ. ಅವರನ್ನೂ ಪಕ್ಕಕ್ಕೆ ಕೂಡಿಸಿಕೊಂಡರೆ ಕೆಲಸ ಹಗುರ.

ಮೊದಲು ಒಂದು ದಂಟನ್ನು ಅಡ್ಡ ಕತ್ತರಿಸಿ ಮಕ್ಕಳ ಕೈಗೆ ಕೊಡಿ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮೆತ್ತನೆ ಬೆಂಡು. ಮಿಡತೆಯ ಮೈಯೂ ಹಾಗೆಯೇ. ನಮ್ಮ ಎಲುಬು ಮೈಯೊಳಗಿವೆ. ಕೀಟಕ್ಕೆ ಒಳಗೆ ಎಲುಬೇ ಇಲ್ಲ, ಮೈಮೇಲಿನ ಕವಚವೇ ಅದಕ್ಕೆ ಆಸರೆ. ಮೈ ಬೆಳೆದರೂ ಕವಚ ಹಿಗ್ಗುವುದಿಲ್ಲ. ಅದಕ್ಕೇ ಮರಿ ಮಿಡತೆ ದೊಡ್ಡದಾಗುತ್ತ ಹಲವು ಸಲ ಪೊರೆ ಕಳಚುತ್ತದೆ.

ದಂಟಿನ ಜೊತೆಗೆ ಬೇಕಾದದ್ದು ಇಷ್ಟೇ: ಕಸಬರಿಗೆ ಕಡ್ಡಿ, ಜಾಲಿ ಮುಳ್ಳು ಇಲ್ಲವೇ ದಪ್ಪ ಸೂಜಿ, ಸ್ವಲ್ಪ ಗೋಂದು, ದಾರ, ಎರಡು ತೊಗರಿ ಕಾಳು, ಮೂರು ಸಾಸಿವೆ, ಉಳ್ಳಾಗಡ್ಡಿ ಸಿಪ್ಪೆ, ಒಣಗಿದ ಜೋಳದ ಎಲೆ. ಸಿಪ್ಪೆ ಸೀಳುವ ಕೆಲಸ ಮಾತ್ರ ದೊಡ್ಡವರದೇ. ಒಣ ದಂಟಿನ ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ, ಎಳೆ ಬೆರಳಿಗೆ ತಾಗಿದರೆ ರಕ್ತ ಬಂದೇ ಬರುತ್ತದೆ. ಬೂಜು ಹಿಡಿದ, ಕಪ್ಪಾದ ದಂಟು ಬೇಡ.

ಬೆರಳು ದಪ್ಪದ ದಂಟಿನಿಂದ ಮೂರು ತುಂಡು ಮಾಡಿ: ತಲೆಗೆ 1 ಸೆಂಟಿಮೀಟರ್, ಎದೆಗೆ 3, ಹೊಟ್ಟೆಗೆ 6. ಬೆನ್ನ ಮೇಲಿನ ಸಿಪ್ಪೆ ಹಾಗೇ ಇರಲಿ, ಪಕ್ಕದ್ದು ಮತ್ತು ಕೆಳಗಿನದು ತೆಗೆಯಿರಿ. ಮೂರನ್ನೂ ಸಾಲಾಗಿ ಇಟ್ಟು, ಬೆಂಡಿನ ನಡುವೆ ಕಸಬರಿಗೆ ಕಡ್ಡಿ ತೂರಿಸಿ ಜೋಡಿಸಿ. ಮೈ ಸಿದ್ಧ.

ಇನ್ನು ಕಾಲು. ಇಲ್ಲಿ ಅವಸರ ಬೇಡ, ಇಡೀ ಪಾಠ ಇರುವುದೇ ಇಲ್ಲಿ. ಸಿಪ್ಪೆಯ ಆರು ತೆಳು ಸೀಳು ಕೊಟ್ಟು "ಎಲ್ಲಿ ಚುಚ್ತೀರಿ, ಚುಚ್ರಿ" ಎಂದು ಸುಮ್ಮನೆ ನೋಡಿ. ಬಹಳಷ್ಟು ಮಕ್ಕಳು ಎರಡು ಮುಂದೆ, ಎರಡು ನಡುವೆ, ಎರಡು ಹೊಟ್ಟೆಯ ತುದಿಗೆ ಚುಚ್ಚುತ್ತಾರೆ. ಆಗಲೇ ತಿದ್ದಬೇಡಿ. ಬಾಯಿ ಅಗಲದ ಗಾಜಿನ ಬಾಟಲಿಯಲ್ಲಿ ಒಂದು ಜೀವಂತ ಮಿಡತೆಯನ್ನು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಕೆಳಗಿನಿಂದ ನೋಡಲು ಹೇಳಿ. ಗಾಜಿಗೆ ಅಂಟಿಕೊಂಡ ಮಿಡತೆಯ ಆರೂ ಕಾಲು ಎದೆಯಿಂದಲೇ ಹೊರಟಿರುವುದು ಸ್ಪಷ್ಟವಾಗಿ ಕಾಣುತ್ತದೆ. "ಟೀಚರ್, ಹೊಟ್ಟಿಗಿ ಒಂದ್ ಕಾಲೂ ಇಲ್ಲರಿ!" ಎಂದು ಯಾರಾದರೂ ಕೂಗುತ್ತಾರೆ. ಹತ್ತು ನಿಮಿಷ ನೋಡಿದ ಮೇಲೆ ಮಿಡತೆಯನ್ನು ಹುಲ್ಲಿಗೆ ಬಿಟ್ಟುಬಿಡಿ. ಈಗ ಮಕ್ಕಳೇ ಕಾಲು ಕಿತ್ತು ಸರಿಯಾದ ಜಾಗಕ್ಕೆ ಚುಚ್ಚುತ್ತಾರೆ.

ಎದೆಯ ತುಂಡಿಗೆ ಎರಡು ಸುತ್ತು ದಾರ ಬಿಗಿದರೆ ಮೂರು ಭಾಗವಾಗುತ್ತದೆ. ಒಂದೊಂದು ಭಾಗಕ್ಕೆ ಒಂದೊಂದು ಜೊತೆ ಕಾಲು. ಸೀಳನ್ನು ನಡುವೆ ಅರ್ಧ ಮುರಿದರೆ ಮೊಣಕಾಲು. ಹಿಂಗಾಲು ಉದ್ದವಿರಬೇಕು, ಅದರ ತೊಡೆಗೆ ಬೆಂಡಿನ ಚೂರು ಅಂಟಿಸಿ ದಪ್ಪ ಮಾಡಿ. ನೆಗೆಯುವ ಬಲವೆಲ್ಲ ಆ ತೊಡೆಯಲ್ಲಿದೆ.

ರೆಕ್ಕೆಯೂ ಎದೆಗೇ, ಎರಡನೇ ಮತ್ತು ಮೂರನೇ ಭಾಗಕ್ಕೆ. ಕೆಳಗೆ ಉಳ್ಳಾಗಡ್ಡಿ ಸಿಪ್ಪೆಯ ಅಗಲ ರೆಕ್ಕೆ, ಅದರ ಮೇಲೆ ಜೋಳದ ಎಲೆಯ ಕಿರಿದಾದ ಗಡಸು ರೆಕ್ಕೆ. ಹಾರುವಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು ಕೆಳಗಿನದು. ತಲೆಗೆ ತೊಗರಿ ಕಾಳಿನ ಎರಡು ದೊಡ್ಡ ಕಣ್ಣು. ನಡುವೆ ಸಾಸಿವೆಯ ಮೂರು ಪುಟ್ಟ ಕಣ್ಣು. ಹೌದು, ಮಿಡತೆಗೆ ಐದು ಕಣ್ಣು. ಎರಡು ಸಣ್ಣ ಸೀಳು ಮೀಸೆಯಾಗುತ್ತವೆ.

ಕೊನೆಗೆ ಮುಳ್ಳಿನಿಂದ ಹೊಟ್ಟೆಯ ಎರಡೂ ಪಕ್ಕಕ್ಕೆ ಎಂಟೆಂಟು, ಎದೆಯ ಎರಡೂ ಪಕ್ಕಕ್ಕೆ ಎರಡೆರಡು ತೂತು ಚುಚ್ಚಿಸಿ. ಮಿಡತೆ ಉಸಿರಾಡುವುದು ಈ ತೂತುಗಳಿಂದ, ಅದಕ್ಕೆ ಪುಪ್ಪುಸವಿಲ್ಲ. ಕಿವಿ ಎಲ್ಲಿ ಎಂದು ಕೇಳಿದರೆ ಹೊಟ್ಟೆ ಶುರುವಾಗುವಲ್ಲಿ, ರೆಕ್ಕೆಯ ಅಡಿ, ಎರಡೂ ಪಕ್ಕಕ್ಕೆ ಪೆನ್ಸಿಲ್ಲಿನಲ್ಲಿ ಒಂದೊಂದು ಬೊಟ್ಟು ಇಡಿ. ಗಿಡ್ಡ ಮೀಸೆಯ ಮಿಡತೆಗಳಿಗೆ ಕಿವಿ ಅಲ್ಲಿರುತ್ತದೆ.

ಮಿಡತೆ ಮುಗಿದ ಮೇಲೆ ಜೇಡದ ಮಾತು ಬರುತ್ತದೆ, ಚೇಳಿನ ಮಾತೂ ಬರುತ್ತದೆ. ಎರಡಕ್ಕೂ ಎಂಟೆಂಟು ಕಾಲು, ಆದ್ದರಿಂದ ಅವು ಕೀಟವಲ್ಲ. ತೊಗರಿ ಹೊಲದ ಮಕ್ಕಳು ಕಾಯಿಕೊರಕ ಹುಳದ ಬಗ್ಗೆ ಕೇಳಿದರೆ ಅದು ಕೀಟವೇ ಎನ್ನಿ: ತಲೆಯ ಹಿಂದಿನ ಆರು ಮಾತ್ರ ನಿಜವಾದ ಕಾಲು. ಹಿಂದಿನ ಮೆತ್ತನೆಯವು ಹಿಡಿದುಕೊಳ್ಳಲಿಕ್ಕೆ ಮಾತ್ರ, ಹುಳ ಪತಂಗವಾದಾಗ ಅವು ಇರುವುದಿಲ್ಲ.

ಅಂಗನವಾಡಿಯ ಮಕ್ಕಳಿಗೆ ಮೂರು ತುಂಡು, ಆರು ಕಾಲು ಇಷ್ಟೇ ಸಾಕು. ಉಸಿರಿನ ತೂತು, ಐದು ಕಣ್ಣು, ಹೊಟ್ಟೆಯ ಕಿವಿಯನ್ನು ನಲಿ-ಕಲಿಯ ಎರಡನೇ, ಮೂರನೇ ತರಗತಿಯವರಿಗೆ ಇಟ್ಟುಕೊಳ್ಳಿ.